ಬೆನ್ನ ಹಿಂದಿನ ಪ್ರಾರ್ಥನೆ

ನನ್ನ ಕಾಯಿಲೆಯ ಹೆಸರು ನನಗೆ ಗೊತ್ತಾದದ್ದು ಚರ್ಚಿನ ಬಲಿಪೂಜೆಯ ನಡುವೆ. ಹೇಳಿದವರು ಡಾಕ್ಟರಲ್ಲ, ಗಂಡನೂ ಅಲ್ಲ. ನಮ್ಮ ಹಿಂದಿನ ಬೆಂಚಿನಲ್ಲಿ ಕೂರುವ ತೆರೆಸಮ್ಮ ಎಂಬ ಮುದುಕಿ. ಆಕೆಯೂ ನನಗೆಂದು ಹೇಳಿರಲಿಲ್ಲ, ದೇವರಿಗೆ ಹೇಳಿದ್ದಳು.

ನಾನು ಆರೋಗ್ಯಮ್ಮ. ಊರು ರಾಯಚೂರು ಜಿಲ್ಲೆಯ ಮುದಗಲ್ಲು. ಅಲ್ಲಿನ ಕ್ಯಾಥೊಲಿಕ್ ಮನೆತನಗಳು ಬಹಳ ಹಳೆಯವು. ಅವ್ವ ಆರೋಗ್ಯಮಾತೆಗೆ ಹರಕೆ ಹೊತ್ತು ನನ್ನನ್ನು ಹಡೆದದ್ದರಿಂದ ಈ ಹೆಸರು. ಮುಂದೆ ಆಸ್ಪತ್ರೆಯಲ್ಲಿ ಈ ಹೆಸರನ್ನು ಕೂಗಿದಾಗಲೆಲ್ಲ ಜನ ತಿರುಗಿ ನೋಡುತ್ತಿದ್ದರು. ಆ ಶಬ್ದದ ಅರ್ಥ ತೆಲುಗಿನವರಿಗೂ ಗೊತ್ತು. ಮದುವೆಯಾಗಿ ಹೈದರಾಬಾದಿಗೆ ಬಂದೆ. ಗಂಡ ಅಂತೋನಿ ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಲಿಫ್ಟು, ಮೋಟಾರು, ಕರೆಂಟು ನೋಡಿಕೊಳ್ಳುತ್ತಾರೆ. ನಾನು ಹತ್ತಿರದ ಶಾಲೆಯಲ್ಲಿ ಚಿಕ್ಕ ಮಕ್ಕಳ ಟೀಚರು. ಒಬ್ಬಳೇ ಮಗಳು, ನಿರ್ಮಲಾ. ಆಗ ಅವಳು ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಎರಡನೇ ವರ್ಷದಲ್ಲಿದ್ದಳು.

ಕನ್ನಡದ ಪೂಜೆ ನಮಗಿಲ್ಲಿ ತಿಂಗಳಿಗೊಮ್ಮೆ ಮಾತ್ರ. ಕಾಚಿಗೂಡದ ಕಡೆಗಿರುವ ಒಂದು ಹಳೆಯ ಚರ್ಚಿನಲ್ಲಿ ಭಾನುವಾರ ಮಧ್ಯಾಹ್ನದ ಹೊತ್ತನ್ನು ನಮಗೆ ಬಿಟ್ಟುಕೊಡುತ್ತಾರೆ. ಕೊಂಡಾಪುರದ ಕಂಪನಿಗಳಲ್ಲಿ ಕೆಲಸ ಮಾಡುವ ಮಂಗಳೂರು, ಮೈಸೂರು ಕಡೆಯವರು ಬರುತ್ತಾರೆ. ಕಟ್ಟಡದ ಕೆಲಸಕ್ಕೆಂದು ಬಂದ ನಮ್ಮ ಕಡೆಯವರೂ ಬರುತ್ತಾರೆ. ಹೊರಗೆ ಒಬ್ಬರ ಕನ್ನಡ ಇನ್ನೊಬ್ಬರಿಗೆ ಸರಿಯಾಗಿ ತಿಳಿಯುವುದಿಲ್ಲ. ಒಳಗೆ ಹಾಡು ಶುರುವಾದ ಮೇಲೆ ಎಲ್ಲರದೂ ಒಂದೇ ಕನ್ನಡ.

ಆ ಭಾನುವಾರ ಆಪರೇಷನ್ ಆದ ಮೇಲೆ ನಾನು ಮೊದಲ ಸಲ ಮನೆಯಿಂದ ಹೊರಬಿದ್ದಿದ್ದೆ. ಹೊಟ್ಟೆ ಉಬ್ಬರ ಎಂದು ತಿಂಗಳುಗಟ್ಟಲೆ ಜೀರಿಗೆ ನೀರು ಕುಡಿದು, ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಅಂಡಾಶಯದಲ್ಲಿ ಗಂಟು ಕಂಡಿತ್ತು. "ನೀರಿನ ಗಂಟಂತ. ಗರ್ಭಕೋಶ ಸಹಿತ ತೆಗೆದುಬಿಡ್ತಾರ, ಮುಗೀತು," ಎಂದಿದ್ದರು ಅಂತೋನಿ. ತೆಗೆದರು. "ಎಲ್ಲಾ ಸ್ವಚ್ಛ ಆತು," ಎಂದೂ ಅವರೇ ಹೇಳಿದರು. ಹೊಲಿಗೆ ಇನ್ನೂ ಜಗ್ಗುತ್ತಿತ್ತು. ಆದರೂ ಕೃತಜ್ಞತೆ ಹೇಳಲು ನಾನೇ ಹಟ ಹಿಡಿದು ಚರ್ಚಿಗೆ ಹೊರಟಿದ್ದೆ.

ವಿಶ್ವಾಸಿಗಳ ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮಲ್ಲಿ ಯಾರು ಬೇಕಾದರೂ ಎದ್ದು ಕೋರಿಕೆ ಹೇಳಬಹುದು. ಒಬ್ಬರು ಮಳೆಗಾಗಿ ಬೇಡಿದರು, ಇನ್ನೊಬ್ಬರು ಮಗನ ನೌಕರಿಗಾಗಿ. ಆಮೇಲೆ ನನ್ನ ಬೆನ್ನ ಹಿಂದಿನಿಂದ ತೆರೆಸಮ್ಮನ ಒಡಕು ದನಿ ಎದ್ದಿತು.

"ಕ್ಯಾನ್ಸರ್ ಬಂದು ಆಪರೇಷನ್ ಆಗಿರೋ ನಮ್ಮ ಮಗಳು ಆರೋಗ್ಯಮ್ಮಗ ಶಕ್ತಿ ಕೊಡಪ್ಪಾ. ಇನ್ನ ಮುಂದ ಕೊಡೋ ಆ ಕೆಟ್ಟ ಔಷಧ ತಡಕೊಳ್ಳುವಂಗ ಮಾಡು. ಆಕಿ ಮಗಳನ್ನ ತಬ್ಬಲಿ ಮಾಡಬ್ಯಾಡ. ಪ್ರಭುವಿನಲ್ಲಿ ಬೇಡಿಕೊಳ್ಳೋಣ."

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು," ಎಂದಿತು ಇಡೀ ಚರ್ಚು.

ನನ್ನ ಬಾಯಿಯೂ ಎಂದಿತು. ಎಷ್ಟೋ ವರ್ಷಗಳ ರೂಢಿ. ಹೇಳಿ ಮುಗಿದ ಮೇಲೆ ಆ ಮಾತಿನ ಅರ್ಥ ನನಗೆ ಬಂದು ಮುಟ್ಟಿತು. ಇನ್ನೊಬ್ಬ ಆರೋಗ್ಯಮ್ಮ ಇದ್ದಾಳೇನೋ ಎಂದು ಒಂದು ಗಳಿಗೆ ಸುತ್ತ ನೋಡಿದೆ. ಯಾರೂ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಬಲಕ್ಕೆ ಅಂತೋನಿ ತಲೆ ತಗ್ಗಿಸಿ ನಿಂತಿದ್ದರು. ಅವರ ಕಿವಿಯ ಅಂಚು ಕೆಂಪಾಗಿತ್ತು. ಅದನ್ನು ನೋಡಿದಾಗಲೇ ನನಗೆ ಖಾತ್ರಿಯಾಯಿತು.

ಪೂಜೆ ನಿಲ್ಲುವುದಿಲ್ಲ, ಅದು ತನ್ನ ಕ್ರಮದಲ್ಲಿ ನಡೆಯುತ್ತದೆ. ಕಾಣಿಕೆ ಆಯಿತು, ಗಂಟೆ ಬಾರಿಸಿತು, ಎಲ್ಲರೂ ಮೊಣಕಾಲೂರಿದರು. ಹೊಲಿಗೆಯ ಕಾರಣಕ್ಕೆ ನಾನೊಬ್ಬಳೇ ಕೂತೇ ಇದ್ದೆ. ಬಳಿಕ ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತು ಬಂತು. ಅಂತೋನಿ ನನ್ನ ಕಡೆ ತಿರುಗಿ ಕೈಮುಗಿದರು. ನಾನು ಕೈ ಎತ್ತಲಿಲ್ಲ. ಅವರು ಹಾಗೇ ಕೈಮುಗಿದುಕೊಂಡು ನಿಂತಿದ್ದರು. ಪಕ್ಕದವರು ನೋಡುತ್ತಿದ್ದಾರೆಂದು ಗೊತ್ತಿದ್ದೂ ಇಳಿಸಲಿಲ್ಲ. ನಾನು ಪೀಠದ ಕಡೆ ಮುಖ ತಿರುಗಿಸಿದೆ. ಪರಮಪ್ರಸಾದಕ್ಕೂ ಏಳಲಿಲ್ಲ.

ಮನೆಗೆ ಬರುವಾಗ ಮೆಟ್ರೋದಲ್ಲಿ ಕೂರಲು ಜಾಗ ಸಿಕ್ಕಿತು. ರೈಲು ಅಮೀರ್‌ಪೇಟೆ ದಾಟಿತು.

"ಯಾವಾಗಿಂದ ಗೊತ್ತೈತ್ರಿ ನಿಮಗ?" ಎಂದು ಕೇಳಿದೆ.

"ಆಪರೇಷನ್‌ಕ್ಕಿಂತ ಮುಂಚೆನೇ ಅನುಮಾನ ಇತ್ತಂತ. ಆಮ್ಯಾಲ ಪಕ್ಕಾ ಆತು."

"ಡಾಕ್ಟರಮ್ಮ ನನ್ನ ಕೈ ಹಿಡಕೊಂಡು ನಕ್ಕಿದ್ಳಲ್ಲ?"

"ನಾನೇ ಕೇಳಿಕೊಂಡಿದ್ದೆ, ಹೇಳಬ್ಯಾಡ್ರಿ ಅಂತ. ಗಾಯ ಮಾಯೋತನಕ ನಿನಗ ಹೆದರಿಕಿ ಬ್ಯಾಡ ಅಂತ."

"ಚರ್ಚಿನ ಮಂದಿಗೆ?"

"ಪ್ರಾರ್ಥನಿ ಮಾಡ್ರಿ ಅಂತ ಹೇಳಿದೆ. ನಿನ್ನ ಮುಂದ ಬಾಯಿ ಬಿಡಬ್ಯಾಡ್ರಿ ಅಂತನೂ ಹೇಳಿದ್ದೆ."

ಕಾಯಿಲೆಗಿಂತ ಆ ಮಾತೇ ನನಗೆ ಹೆಚ್ಚು ಚುಚ್ಚಿತು. ಕನ್ನಡ ಪೂಜೆಗೆ ಬರುವ ಮನೆಗಳಲ್ಲೆಲ್ಲ ನನ್ನ ಹೊಟ್ಟೆಯೊಳಗಿನ ಸುದ್ದಿ ಗೊತ್ತಿತ್ತು. ಆಪರೇಷನ್ ನಂತರ ನೋಡಲು ಬಂದು, ಕಿತ್ತಳೆ ಹಣ್ಣು ಕೊಟ್ಟು, "ಏನಿಲ್ಲ ಬಿಡ್ರಿ, ಸಣ್ಣದು," ಎಂದು ನಕ್ಕವರೆಲ್ಲ ಮನೆಗೆ ಹೋಗಿ ನನಗಾಗಿ ಮೊಣಕಾಲೂರುತ್ತಿದ್ದರು. ಅವರ ಮುಂದೆ ನಾನು ಹೊಸ ಸೀರೆಯ ಮಾತಾಡಿದ್ದೆ, ಬೇಸಿಗೆಗೆ ಊರಿಗೆ ಹೋಗುವ ಮಾತಾಡಿದ್ದೆ. ಅವರು ನನ್ನನ್ನು ಹೇಗೆ ನೋಡಿರಬಹುದು ಎಂದು ನೆನೆದು ಮೈ ಉರಿಯಿತು.

"ಅಕ್ಕಗೂ ಗೊತ್ತೈತೇನ್ರಿ?" ಎಂದೆ.

ಅಂತೋನಿ ಕಿಟಕಿಯಾಚೆ ನೋಡಿದರು. ಉತ್ತರ ಸಿಕ್ಕಿತು.

ಅಕ್ಕ ಎಂದರೆ ಲೂರ್ದಮ್ಮ. ನನಗಿಂತ ದೊಡ್ಡವಳು, ಸನ್ಯಾಸಿನಿ, ಮೈಸೂರಿನ ಕಡೆಯ ಒಂದು ಕಾನ್ವೆಂಟಿನಲ್ಲಿದ್ದಾಳೆ. ಅವ್ವ ತೀರಿಕೊಂಡ ಮೇಲೆ ನನಗೆ ತಾಯಿ ಅವಳೇ. ಸಂಜೆ ದೀಪ ಹಚ್ಚಿದ ಹೊತ್ತಿಗೆ ಅವಳ ಫೋನು ಬರುತ್ತಿತ್ತು. ಇಬ್ಬರೂ ಸೇರಿ ಜಪಸರ ಹೇಳುತ್ತಿದ್ದೆವು. "ನಮೋ ಮರಿಯಾ" ಎಂದು ಅವಳು ಶುರು ಮಾಡಿದರೆ ಉಳಿದರ್ಧ ನನ್ನದು. ನಿರ್ಮಲಾ ಚಿಕ್ಕವಳಿದ್ದಾಗಿನಿಂದ ನಡೆದುಬಂದ ರೂಢಿ ಅದು. ಹೇಗೆ ಪ್ರಾರ್ಥಿಸಬೇಕೆಂದು ನನಗೆ ಕಲಿಸಿದವಳೂ ಅವಳೇ. "ದೇವರ ಮುಂದ ಚಂದ ಮಾತು ಬ್ಯಾಡ, ಖರೇ ಮಾತು ಹೇಳು," ಎನ್ನುತ್ತಿದ್ದಳು.

ಆಪರೇಷನ್ನಿಗೆ ಮುಂಚೆ ಅವಳು ಸಂತ ಪೆರಿಗ್ರಿನ್‌ನ ಒಂದು ಪಟ ಕಳಿಸಿದ್ದಳು. ಕಾಲಿನ ಗಾಯ ತೋರಿಸುತ್ತ ನಿಂತ ಸನ್ಯಾಸಿ. ಆಗ ನನ್ನ ಕಾಲೂ ಊದಿ ನೋಯುತ್ತಿತ್ತು. "ಕಾಲುನೋವಿನ ಸಂತ. ಒಂಬತ್ತು ದಿನದ ನವದಿನ ಜಪ ಮಾಡು," ಎಂದಿದ್ದಳು. ನಾನು ಭಕ್ತಿಯಿಂದ ಮಾಡಿದೆ. ಆ ಸಂತನ ಕಾಲನ್ನು ಕತ್ತರಿಸಬೇಕೆಂದಿದ್ದರಂತೆ. ಹಿಂದಿನ ರಾತ್ರಿ ಅವನು ಶಿಲುಬೆಯ ಮುಂದೆ ಪ್ರಾರ್ಥಿಸುತ್ತ ಹಾಗೇ ನಿದ್ದೆ ಹೋದನಂತೆ. ಬೆಳಗಾಗುವಷ್ಟರಲ್ಲಿ ಗಾಯ ಮಾಯವಾಗಿತ್ತಂತೆ. ಓದಿ ನಾನು ಖುಷಿಪಟ್ಟಿದ್ದೆ.

ಆ ಸಂಜೆ ಅವಳ ಫೋನು ಬಂದಾಗ ಮೊದಲು ಅದನ್ನೇ ಕೇಳಿದೆ.

"ಅಕ್ಕ, ಪೆರಿಗ್ರಿನ್ ಯಾತಕ್ಕ ಪಾಲಕ ಸಂತ?"

ಅವಳು, "ಯಾರು ಹೇಳಿದ್ರು?" ಎಂದಳು.

"ನಾ ಕೇಳಿದ್ದಕ್ಕ ಹೇಳು."

"ಕ್ಯಾನ್ಸರ್ ಇದ್ದವರಿಗೆ."

"ನನಗ ಕಾಲುನೋವಿಗೆ ಅಂದಿದ್ದಿ."

"ಆತನ ಕಾಲಾಗ ಗಾಯ ಇತ್ತು ಆರೋಗ್ಯ. ಅದೇನು ಸುಳ್ಳಲ್ಲ."

"ಪಾಪನಿವೇದನಿಗೆ ಹೋಗೋ ಮುಂಚೆ ನೀನೇ ನನಗ ಕಲಿಸಿದ್ದಿ, ಅರ್ಧ ಹೇಳೋದೂ ಸುಳ್ಳೇ ಅಂತ."

ಅವಳು ಅಳತೊಡಗಿದಳು. ನಾನು ಫೋನು ಇಟ್ಟೆ. ಮರುದಿನ ಸಂಜೆ ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಅದರ ಮರುದಿನವೂ ಎತ್ತಲಿಲ್ಲ. ಪ್ರತಿ ಸಂಜೆ ನಾವಿಬ್ಬರೂ ಮಗಳ ಪರೀಕ್ಷೆಗಾಗಿ ಜಪ ಹೇಳುತ್ತಿದ್ದೇವೆಂದು ನಾನು ತಿಳಿದಿದ್ದೆ. ಅವಳು ಬೇರೆ ಕೋರಿಕೆ ಇಟ್ಟುಕೊಂಡು ಹೇಳುತ್ತಿದ್ದಳು. ಒಂದೇ ಮಣಿ, ಒಂದೇ ಮಾತು, ನನಗೆ ಮಾತ್ರ ಅದರ ಅರ್ಥ ಗೊತ್ತಿರಲಿಲ್ಲ. ಮೋಸ ಎಂದರೆ ಹಣದ್ದು, ಗಂಡು ಹೆಣ್ಣಿನದು ಎಂದುಕೊಂಡಿದ್ದೆ. ಪ್ರಾರ್ಥನೆಯಲ್ಲೂ ಮೋಸ ಹೋಗಬಹುದೆಂದು ಆಗ ತಿಳಿಯಿತು.

ನಿರ್ಮಲಾಗೆ ಯಾರೂ ಹೇಳಿರಲಿಲ್ಲ. ಅದೊಂದನ್ನು ಅಂತೋನಿ ಆಣೆ ಮಾಡಿ ಹೇಳಿದರು. ನನಗಾದದ್ದು ಅವಳಿಗೆ ಆಗಬಾರದೆಂದು ನಾನೇ ಕೂರಿಸಿ ಹೇಳಿದೆ. ಹೆಸರು ಹೇಳಿದೆ, ಮುಂದೆ ಕೀಮೋ ಎಂದು ಹೇಳಿದೆ, ಕೂದಲು ಹೋಗುತ್ತದೆ ಎಂದೂ ಹೇಳಿದೆ. ಅವಳು ಕೆಮಿಸ್ಟ್ರಿ ಪುಸ್ತಕದ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಮಮ್ಮಿ, ಮುಂದಿನ ವಾರ ನನ್ನ ಎಕ್ಸಾಮ್ ಐತಿ. ಗೊತ್ತೈತಿಲ್ಲ ನಿನಗ?"

"ಗೊತ್ತೈತಿ."

"ಮತ್ತ ಈಗ ಯಾಕ ಹೇಳಿದಿ? ಮುಗಿಯೋತನಕ ತಡೀಬೇಕಿತ್ತು."

ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ಸತ್ಯ ಹೇಳಿದ್ದೇನೆಂಬ ಹೆಮ್ಮೆಯೊಂದು ನನ್ನೊಳಗಿತ್ತು. ಅದು ಆ ಬಾಗಿಲು ಮುಚ್ಚಿದ ಸದ್ದಿಗೆ ಕರಗಿತು. ಆದರೂ ಹೇಳಿದ್ದು ತಪ್ಪೆಂದು ನನಗೆ ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ. ಅವಳು ಪರೀಕ್ಷೆ ಬರೆದಳು, ಪಾಸಾದಳು, ಎಣಿಸಿದಷ್ಟು ಅಂಕ ಬರಲಿಲ್ಲ. ಅದರ ಬಗ್ಗೆ ನಾವು ಮಾತಾಡುವುದಿಲ್ಲ.

ಕೀಮೋ ಶುರುವಾಯಿತು. ಆಸ್ಪತ್ರೆಯ ಕಾಯುವ ಹಾಲಿನಲ್ಲಿ ಟಿ.ವಿ. ಸದ್ದಿಲ್ಲದೆ ಓಡುತ್ತಿರುತ್ತದೆ. ಎಲ್ಲರೂ ಅದರ ಕಡೆ ಮುಖ ಮಾಡಿ ಕೂತಿರುತ್ತಾರೆ, ಯಾರೂ ನೋಡುತ್ತಿರುವುದಿಲ್ಲ. ಅಲ್ಲಿ ನಾನು ಕಲಿತದ್ದು ಮುಖಗಳನ್ನು ಓದುವುದನ್ನು. ತಿಳಿದವರ ಮುಖ ಒಂದು ಥರ ಇರುತ್ತದೆ, ತಿಳಿಯದವರದು ಇನ್ನೊಂದು ಥರ. ತಿಳಿಯದವರ ಪಕ್ಕದಲ್ಲಿ ಯಾವಾಗಲೂ ಒಬ್ಬರು ಇರುತ್ತಾರೆ. ಅವರು ಹೆಚ್ಚು ಮಾತಾಡುತ್ತಾರೆ, ನೀರಿನ ಬಾಟಲಿಯ ಮುಚ್ಚಳವನ್ನು ಸುಮ್ಮನೆ ತೆರೆದು ಮುಚ್ಚುತ್ತಿರುತ್ತಾರೆ. ನನ್ನ ಆಪರೇಷನ್ನಿನ ಹೊತ್ತಿನಲ್ಲಿ ಅಂತೋನಿ ಹಾಗೇ ಮಾಡುತ್ತಿದ್ದರೆಂದು ನೆನಪಾಗುತ್ತಿತ್ತು.

ಮನೆಯಲ್ಲಿ ಅಂತೋನಿ ಜೋಳದ ಗಂಜಿ ಮಾಡಿ ಕೊಡುತ್ತಿದ್ದರು. ವಾಂತಿಯ ಬಕೀಟು ತೊಳೆಯುತ್ತಿದ್ದರು. ಕೂದಲು ಉದುರತೊಡಗಿದಾಗ ದಿಂಬಿನ ಮೇಲಿನದನ್ನು ನಾನು ಏಳುವ ಮುಂಚೆಯೇ ಆರಿಸಿ ತೆಗೆದಿರುತ್ತಿದ್ದರು. "ತೆಗೀಬ್ಯಾಡ್ರಿ. ಎಷ್ಟು ಹೋಗೇತಿ ನಾ ನೋಡಬೇಕು," ಎಂದೆ. ಮರುದಿನದಿಂದ ಬಿಟ್ಟರು. ಬೇಕಾದ್ದಕ್ಕೆ ಮಾತ್ರ ಮಾತು ನಮ್ಮಿಬ್ಬರ ನಡುವೆ. ಅವರು ಎಷ್ಟು ಸೇವೆ ಮಾಡಿದರೂ ಒಳಗಿನ ಗಂಟು ಸಡಿಲಾಗಲಿಲ್ಲ. ಡಾಕ್ಟರು ಏನಾದರೂ ಹೇಳಿ ಅವರತ್ತ ನೋಡಿದರೆ ಸಾಕು, ನನಗೆ ಅನುಮಾನ. ಅವರ ಫೋನು ಬಡಿದುಕೊಂಡರೆ ಅನುಮಾನ. ಬಾತ್‌ರೂಮಿನಲ್ಲಿ ನೀರಿನ ಸದ್ದು ಹೆಚ್ಚು ಹೊತ್ತು ಬಂದರೂ ಅನುಮಾನ.

ತೆರೆಸಮ್ಮ ಒಂದು ದಿನ ಹುಳಿಸೊಪ್ಪಿನ ಪುಂಡಿಪಲ್ಲೆ ಮಾಡಿಕೊಂಡು ಬಂದಳು. ಮಗ ಸೊಸೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಇವಳು ಶೆಡ್ಡಿನಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಬಾಗಿಲಲ್ಲೇ ನಿಂತು ಹೇಳಿದಳು, "ಕಣ್ಣು ಮುಚ್ಚಿದ್ನೆವ್ವಾ. ಕಣ್ಣು ಮುಚ್ಚಿದ್ರ ನನಗ ಎದುರಿಗೆ ಯಾರೂ ಕಾಣಂಗಿಲ್ಲ. ನೀ ಅಲ್ಲೇ ಕುಂತದ್ದು ಮರತೇ ಹೋತು." ಆಕೆಯ ಮೇಲೆ ನನಗೆ ಸಿಟ್ಟಿಲ್ಲವೆಂದೆ. ಅದು ನಿಜವೂ ಆಗಿತ್ತು. ಬಾಯಿಗೆ ಏನೂ ರುಚಿಸದ ಆ ದಿನಗಳಲ್ಲಿ ಆ ಹುಳಿಯೊಂದು ನಾಲಿಗೆಗೆ ಹತ್ತಿತು.

ಪ್ರಾರ್ಥನೆ ಮಾತ್ರ ಹತ್ತಲಿಲ್ಲ. ಮೊದಲು ದೇವರ ಮೇಲೆ ಸಿಟ್ಟು ಬಂತು, ಅವನಿಗೂ ಗೊತ್ತಿತ್ತಲ್ಲ. ಪೆರಿಗ್ರಿನ್‌ನ ಪಟದ ಮುಂದೆ ನಾನು ಮೂರ್ಖಳಂತೆ ಕಾಲುನೋವು ಹೇಳಿಕೊಳ್ಳುತ್ತಿದ್ದಾಗ ಸ್ವರ್ಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂತರ ಚರಿತ್ರೆಗಳನ್ನು ಚಿಕ್ಕಂದಿನಿಂದ ಓದಿಕೊಂಡು ಬಂದವಳು ನಾನು. ಈಗ ಯೋಚಿಸಿದರೆ ಅವರೆಲ್ಲರಿಗೂ ತಮ್ಮ ಸಂಕಟ ಗೊತ್ತಿತ್ತು. ಬೆಂಕಿ, ಸಿಂಹ, ಕತ್ತಿ, ಯಾವುದು ಬರುತ್ತಿದೆಯೆಂದು ತಿಳಿದೇ ಹೂಂ ಎಂದರು. ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಯೇಸುವೂ ತಿಳಿದೇ ಬೆವರಿದ. ಗೆಳೆಯರು ನಿದ್ದೆ ಮಾಡಿದರು, ಒಬ್ಬ ಮುತ್ತಿಟ್ಟು ಹಿಡಿದುಕೊಟ್ಟ, ಇನ್ನೊಬ್ಬ ಗುರುತೇ ಇಲ್ಲವೆಂದ. ಆದರೆ ನಿನಗೇನೂ ಆಗುವುದಿಲ್ಲ ಎಂದು ಅವನ ಕಣ್ಣಿಗೆ ಬಟ್ಟೆ ಕಟ್ಟಿ ಯಾರೂ ಅವನನ್ನು ಬೆಟ್ಟಕ್ಕೆ ನಡೆಸಲಿಲ್ಲ. ನನ್ನ ಶಿಲುಬೆಯನ್ನು ಬೇರೆಯವರು ಬಚ್ಚಿಟ್ಟಿದ್ದರು. ಹೊರುವುದೋ ಬಿಡುವುದೋ ಎಂಬ ಮಾತೇ ನನ್ನ ತನಕ ಬರಲಿಲ್ಲ.

ಈಸ್ಟರಿಗೆ ಮುಂಚಿನ ಉಪವಾಸ ಕಾಲದಲ್ಲಿ ಒಂದು ದಿನ ನಮ್ಮ ಕನ್ನಡ ಪೂಜೆಯ ಫಾದರ್ ಮನೆಗೆ ಬಂದರು. ಬೆಳಗಾವಿ ಕಡೆಯ ವಯಸ್ಸಾದ ಗುರುಗಳು. ರೋಗಿಗಳಿಗೆ ಹಚ್ಚುವ ಪವಿತ್ರ ತೈಲ ತಂದಿದ್ದರು. ನಾನು ತಲೆಗೆ ಸೆರಗು ಸುತ್ತಿಕೊಂಡು ಕೂತೆ.

"ಫಾದರ್, ನಿಮಗೂ ಗೊತ್ತಿತ್ತೇನ್ರಿ?"

"ಗೊತ್ತಿತ್ತವಾ."

"ಆಪರೇಷನ್ ಹಿಂದಿನ ದಿನ ನನ್ನ ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನಿ ಮಾಡಿದ್ರಿ. ಆಗೂ?"

"ಆಗೂ."

ಕಾರಣ ಹೇಳಲಿಲ್ಲ, ಸಮಾಧಾನ ಮಾಡಲಿಲ್ಲ, ದೇವರ ಚಿತ್ತ ಎನ್ನಲಿಲ್ಲ. ತೈಲದ ಕುಪ್ಪಿಯನ್ನು ಟೀಪಾಯಿಯ ಮೇಲಿಟ್ಟು, "ಈಗ ಹಚ್ಚಲೇನವಾ, ಬ್ಯಾಡೇನು? ನೀ ಹೇಳಿದಂಗ ಮಾಡ್ತೀನಿ," ಎಂದರು.

ಇಷ್ಟು ದಿನಗಳಲ್ಲಿ ನನ್ನನ್ನು ಕೇಳಿದವರು ಅವರೊಬ್ಬರೇ. "ಇವತ್ತ ಬ್ಯಾಡ್ರಿ," ಎಂದೆ. "ಆಗ್ಲಿ," ಎಂದು ಚಹಾ ಕುಡಿದು ಹೋದರು. ನಾನು ಬೇಡವೆಂದರೂ ದೇವರು ಮುನಿಯಲಿಲ್ಲ, ಸಿಡಿಲು ಬೀಳಲಿಲ್ಲ. ಅಂದು ಸಂಜೆ ಒಬ್ಬಳೇ ಕೂತು ಮೊದಲ ಸಲ ಮಾತಾಡಿದೆ. ಜಪವೂ ಅಲ್ಲ, ಕೋರಿಕೆಯೂ ಅಲ್ಲ. "ನೀನೂ ನನಗ ಹೇಳಲಿಲ್ಲ," ಎಂದು ಶುರು ಮಾಡಿ ಬೈದೆ. ಬಹಳ ಹೊತ್ತು ಬೈದೆ. ಅಕ್ಕ ಕಲಿಸಿದ ಖರೇ ಮಾತು ಇದೇ ಇರಬೇಕು ಎಂದು ಆಮೇಲೆ ಹೊಳೆಯಿತು, ಅದಕ್ಕೂ ಸಿಟ್ಟು ಬಂತು.

ಮುಂದಿನ ಕೀಮೋ ದಿನ ನನ್ನ ಪಕ್ಕದ ಕುರ್ಚಿಗೆ ಬೀದರಿನ ಕಡೆಯ ಒಬ್ಬ ಹಿರಿಯ ಹೆಂಗಸು ಬಂದಳು, ಹಲೀಮಾಬಿ. ಸೊಸೆ ಜೊತೆಗಿದ್ದಳು. ನಾನು ನರ್ಸಿನ ಹತ್ತಿರ ಹಿಂದಿಯಲ್ಲಿ ತಡವರಿಸುವುದನ್ನು ಕೇಳಿ, "ಕನ್ನಡದಾಕಿ ಏನವಾ?" ಎಂದಳು. ಹೌದೆಂದದ್ದೇ ತಡ, ತನ್ನ ಎಮ್ಮೆ, ಮೊಮ್ಮಗಳ ಮದುವೆ, ಎಲ್ಲ ಹೇಳಿದಳು. ಕೈಗೆ ಸೂಜಿ ಚುಚ್ಚಿ, ಕೆಂಪು ಔಷಧದ ಬಾಟಲಿ ನೇತುಹಾಕಿದ ಮೇಲೆ ನನ್ನ ಕಡೆ ವಾಲಿ ಕೇಳಿದಳು.

"ಇದೇನ್ ಅವಷಧ ಅದನವಾ ಇದು? ಶಕ್ತಿ ಬರ್ತದ ಅಂತಾಳ ಸೊಸಿ. ಶಕ್ತಿ ಬರಲ್ದೆ ಇದ್ದದ್ದೂ ಹೋಗ್ಲತ್ತದ."

ಸೊಸೆ ಅತ್ತೆಯ ಹಿಂದಿನಿಂದ ನನಗೆ ಕೈಮುಗಿದಳು. ಕಣ್ಣಲ್ಲಿ ನೀರು ತುಂಬಿಕೊಂಡು ಬೇಡವೆಂದು ತಲೆಯಾಡಿಸಿದಳು. ನನ್ನ ಮನೆಯ ಕಥೆಯೇ ಎದುರಿಗೆ ನಿಂತಿತ್ತು, ಈ ಸಲ ಬಾಯಿ ಬಿಡುವ ಅಥವಾ ಮುಚ್ಚುವ ಸರದಿ ನನ್ನದು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಆಕೆಯ ಸತ್ಯ ಹೇಳಲು ನಾನು ಯಾರು? ನನ್ನದನ್ನಷ್ಟೇ ಹೇಳಿದೆ.

"ನನಗ ಕ್ಯಾನ್ಸರ್ ಐತಿ ಬೇ. ನನಗ ಅದಕ್ಕ ಕೊಡ್ತಾರ."

ಹಲೀಮಾಬಿ ನನ್ನನ್ನು ಬಹಳ ಹೊತ್ತು ನೋಡಿದಳು. ನನ್ನ ಬಾಟಲಿ ನೋಡಿದಳು, ಆಮೇಲೆ ತನ್ನದನ್ನು ನೋಡಿದಳು. ಎರಡೂ ಕೆಂಪಗಿದ್ದವು.

"ಯಾ ಅಲ್ಲಾ," ಎಂದಳು ಮೆಲ್ಲಗೆ. "ಸಣ್ಣ ವಯಸ್ಸು. ನನಗ ಬರೀ ಗಂಟು ಅದವಾ, ನಾ ಮುದಿಕಿ ಹ್ಯಾಂಗರೆ ಬದುಕ್ತೀನಿ." ಸೂಜಿ ಇಲ್ಲದ ಕೈ ಚಾಚಿ ನನ್ನ ತಲೆಯ ಮೇಲಿಟ್ಟು, ಕಣ್ಣು ಮುಚ್ಚಿ ನನಗಾಗಿ ದುವಾ ಕೇಳಿದಳು. ಮುಗಿಸಿ ನನ್ನ ತಲೆಯ ಮೇಲೆ ಮೆಲ್ಲಗೆ ಊದಿದಳು.

ಆಕೆಗೆ ಗೊತ್ತಿತ್ತೋ ಇಲ್ಲವೋ, ತಿಳಿಯಲು ಇಷ್ಟವಿರಲಿಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಉಳಿದ ಹೊತ್ತೆಲ್ಲ ನಾನು ಆಕೆಯ ಜೊತೆ ಎಮ್ಮೆಯ ಮಾತಾಡಿದೆ, ನಕ್ಕೆ. ಒಳಗೆ ಒಂದು ಮಾತನ್ನು ಹಲ್ಲು ಕಚ್ಚಿ ಹಿಡಿದುಕೊಂಡು ಹೊರಗೆ ನಗುವುದು ಎಷ್ಟು ದಣಿವಿನ ಕೆಲಸವೆಂದು ಅಂದು ತಿಳಿಯಿತು. ಅಂತೋನಿ ವಾರಗಟ್ಟಲೆ ಮಾಡಿದ್ದು ಇದನ್ನೇ. ಅದರಿಂದ ಅವರ ಮೇಲಿನ ಸಿಟ್ಟು ಹೋಯಿತು ಎನ್ನಲಾರೆ. ಆದರೆ ಅವರ ಭಾರದ ತೂಕ ತಿಳಿಯಿತು.

ಚಿಕಿತ್ಸೆ ಮುಗಿಯುವ ಹೊತ್ತಿಗೆ ಅಕ್ಕ ಹೇಳದೆ ಕೇಳದೆ ಬಂದಳು. ಕಾಚಿಗೂಡ ಸ್ಟೇಷನ್ನಿನಿಂದ ಅಂತೋನಿಯೇ ಕರೆತಂದರು. ನನ್ನ ಬೋಳು ತಲೆ ನೋಡಿ ಬಾಗಿಲಲ್ಲೇ ನಿಂತಳು. ಅವಳ ತಲೆಯ ಮೇಲೂ ವಸ್ತ್ರ, ನನ್ನ ತಲೆಯ ಮೇಲೂ ವಸ್ತ್ರ. ಬೇರೆ ಹೊತ್ತಾಗಿದ್ದರೆ ಇಬ್ಬರೂ ನಗುತ್ತಿದ್ದೆವು.

ಊಟವಾದ ಮೇಲೆ ನನ್ನ ಎದುರು ಕೂತು ಹೇಳಿದಳು, "ನಿನಗ ಹೇಳಬಾರದು ಅಂದಾವ ಅಂತೋನಿ ಅಲ್ಲ. ಆತ ಹೇಳ್ತೀನಿ ಅಂತಿದ್ದ. ಬ್ಯಾಡ ಅಂತ ತಡದಾಕಿ ನಾನು."

ನಾನು ಅಡುಗೆಮನೆಯ ಕಡೆ ನೋಡಿದೆ. ಅಂತೋನಿ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದರು.

"ಯಾಕ?"

"ನಿನ್ನ ಸಲುವಾಗಿ ಅಂತ ತಿಳಕೊಂಡಿದ್ದೆ. ಈಗ ವಿಚಾರ ಮಾಡಿದ್ರ ನನ್ನ ಸಲುವಾಗಿ. ದಿನಾ ಸಂಜಿಗೆ ನಿನ್ನ ಹೆದರಿಕಿ ಕೇಳಿಸಿಕೊಳ್ಳೋ ಧೈರ್ಯ ನನಗ ಇರಲಿಲ್ಲ. ಮಂದಿಗೆಲ್ಲ ಧೈರ್ಯ ಹೇಳ್ತೀನಿ. ನಿನಗ ಹೇಳಾಕ ಆಗಲಿಲ್ಲ."

"ಇವರು ಯಾಕ ಸುಮ್ಮನಿದ್ರು ಇಷ್ಟು ದಿನ?"

"ಅಕ್ಕ ತಂಗಿ ನಡುವ ಬಿರುಕು ಬ್ಯಾಡ ಅಂದ. ಬೈಸಿಕೊಳ್ಳೋದು ನನಗಿರ್ಲಿ ಅಂದ."

ಇಲ್ಲಿ ನಾನು ಅತ್ತು ಅವಳನ್ನು ತಬ್ಬಿಕೊಂಡೆ ಎಂದು ಬರೆದರೆ ಓದಲು ಚಂದ. ಹಾಗಾಗಲಿಲ್ಲ. ಮತ್ತೊಂದು ವಿಷಯವನ್ನು ಇಬ್ಬರೂ ಸೇರಿ ನನ್ನಿಂದ ಮುಚ್ಚಿಟ್ಟಿದ್ದರು, ಮತ್ತೆ ನನ್ನ ಒಳಿತಿಗೆಂದೇ. ಗಂಡನನ್ನು ಇಷ್ಟು ತಿಂಗಳು ತಪ್ಪಾಗಿ ಶಿಕ್ಷಿಸಿದ್ದೆ, ಹಾಗೆ ಶಿಕ್ಷಿಸಲು ಅವರೇ ಬಿಟ್ಟಿದ್ದರು. ನನಗೆ ಕೂಗಬೇಕೆನಿಸಿತು. "ನನ್ನ ಸಿಟ್ಟನ್ನೂ ನೀವೇ ಪಾಲು ಮಾಡಿಕೊಂಡ್ರಿ," ಎಂದೆ. ಅಕ್ಕ ತಲೆ ತಗ್ಗಿಸಿದಳು. ಕ್ಷಮಿಸು ಎಂದು ಕೇಳಿದಳು. "ಇನ್ನೂ ಆಗವಲ್ದು. ಆದಾಗ ಹೇಳ್ತೀನಿ," ಎಂದೆ. ಅವಳು ಹೊರಡುವ ದಿನ ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು. ಬಿಡಿಸಿಕೊಳ್ಳಲಿಲ್ಲ. ಅಷ್ಟೇ ನನ್ನಿಂದ ಆದದ್ದು. ಈಗ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಜಪಸರವನ್ನು ಇನ್ನೂ ಒಟ್ಟಿಗೆ ಹೇಳಿಲ್ಲ.

ಕಾಯಿಲೆ ನನ್ನನ್ನು ಪವಿತ್ರಳನ್ನಾಗಿ ಮಾಡಿತು ಎಂದು ಚರ್ಚಿನಲ್ಲಿ ಕೆಲವರು ಹೇಳುತ್ತಾರೆ. ನನಗೆ ಹಾಗೇನೂ ಕಾಣುವುದಿಲ್ಲ. ಮುಂಚೆ ನಾನು ಬೇಗ ಕ್ಷಮಿಸುತ್ತಿದ್ದೆ; ಈಗ ನಿಧಾನ. ಮುಂಚೆ ಪ್ರಾರ್ಥನೆಯಲ್ಲಿ ಬೇಡುತ್ತಿದ್ದೆ. ಈಗ ಹೆಚ್ಚಾಗಿ ಜಗಳವಾಡುತ್ತೇನೆ. ಯಾರಾದರೂ ನಿಮಗಾಗಿ ಪ್ರಾರ್ಥಿಸುತ್ತೇನೆ ಎಂದರೆ, "ಏನಂತ?" ಎಂದು ಕೇಳುತ್ತೇನೆ. ಬಹಳ ಜನಕ್ಕೆ ಮುಜುಗರವಾಗುತ್ತದೆ. ನನ್ನಂತೆಯೇ ಬೆನ್ನ ಹಿಂದೆ ಪ್ರಾರ್ಥಿಸಲ್ಪಟ್ಟವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು: ನಿಮ್ಮ ಸಿಟ್ಟು ಪಾಪವಲ್ಲ. ಅದನ್ನೇ ಹಿಡಿದುಕೊಂಡು ದೇವರ ಮುಂದೆ ಕೂರಬಹುದು, ನಾನು ಕೂರುತ್ತೇನೆ. ಫಾದರ್ ಮತ್ತೊಮ್ಮೆ ಬಂದಾಗ ತೈಲ ಹಚ್ಚಿಸಿಕೊಂಡೆ, ನಾನೇ ಕೇಳಿ.

ಚಿಕಿತ್ಸೆಯ ನಂತರ ಕೆಲವು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ಮೊದಲ ಸಲ ಹೋದಾಗ ಡಾಕ್ಟರಮ್ಮ ಸ್ಕ್ಯಾನು ನೋಡಿ, ಹಳೆಯ ರೂಢಿಯಂತೆ ಅಂತೋನಿಯ ಕಡೆ ತಿರುಗಿ ಬಾಯಿ ತೆರೆದರು. ಅಂತೋನಿ ಎದ್ದು ನಿಂತರು. ತೆಲುಗಿನಲ್ಲಿ, "ಆಕೆಗೇ ಹೇಳಿ ಮೇಡಂ, ನಾನು ಹೊರಗಿರುತ್ತೇನೆ," ಎಂದು ಹೊರನಡೆದರು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಡಾಕ್ಟರಮ್ಮ ನನಗೆ ಹೇಳಿದರು. ಹೊಟ್ಟೆ ಸ್ವಚ್ಛವಿದೆ. ಯಕೃತ್ತಿನ ಅಂಚಿನಲ್ಲಿ ಒಂದು ಸಣ್ಣ ಕಲೆ ಕಾಣುತ್ತಿದೆ, ಏನೂ ಅಲ್ಲದಿರಬಹುದು, ಮುಂದಿನ ಸಲ ಮತ್ತೆ ನೋಡೋಣ. ನಾನು ಎರಡು ಪ್ರಶ್ನೆ ಕೇಳಿದೆ, ಅವರು ನೇರವಾಗಿ ಉತ್ತರಿಸಿದರು.

ಹೊರಗೆ ಬಂದೆ. ಅಂತೋನಿ ಗೋಡೆಗೊರಗಿ ನಿಂತಿದ್ದರು. ಏನಂದರು ಎಂದು ಕೇಳಲಿಲ್ಲ. ನನ್ನ ಮುಖ ನೋಡಲಿಲ್ಲ, ನನ್ನ ಚಪ್ಪಲಿ ನೋಡುತ್ತಿದ್ದರು. ಮೊದಲ ಸಲ ನನಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲದ ಮಾತೊಂದು ನಮ್ಮ ನಡುವೆ ಇತ್ತು. ಸ್ವಚ್ಛ ಐತ್ರಿ ಎಂದಷ್ಟೇ ಹೇಳಿದ್ದರೆ ಅವರು ಅಂದು ರಾತ್ರಿ ನಿದ್ದೆ ಮಾಡುತ್ತಿದ್ದರು. ಆ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂತು, ಪ್ರೀತಿಯಿಂದಲೇ ಬಂತು. ನನಗೆ ಹೆದರಿಕೆಯಾದದ್ದು ಅದಕ್ಕೇ.

"ಕೂಡ್ರಿ," ಎಂದೆ. ಇಬ್ಬರೂ ಕುರ್ಚಿಯ ಮೇಲೆ ಕೂತೆವು. ಸ್ವಚ್ಛವಿದೆ ಎಂಬುದನ್ನು ಹೇಳಿದೆ. ಅವರ ಮುಖ ಬಿಚ್ಚಿಕೊಳ್ಳುವ ಮೊದಲೇ ಕಲೆಯ ಮಾತನ್ನೂ ಹೇಳಿದೆ.

ಅವರು ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಪಕ್ಕಕ್ಕಿಟ್ಟರು.

"ನನಗ ಹೆದರಿಕಿ ಆಗಾಕತ್ತೇತಿ," ಎಂದರು.

ಮದುವೆಯಾದಾಗಿನಿಂದ ಅವರ ಬಾಯಲ್ಲಿ ನಾನು ಆ ಮಾತು ಕೇಳಿರಲಿಲ್ಲ.

"ನನಗೂ," ಎಂದೆ.